ಟಾರ್ಚಿಗೇಕೆ ನಮ್ಮತ್ತೆಯ ನಂಬರು?

ನಮ್ಮ ಜನರ ಗುಟ್ಟಿನ ಲೆಕ್ಕವೇ ಬೇರೆ. ಸಂಬಳ ಎಷ್ಟೆಂದು ಸ್ವಂತ ಭಾವಮೈದ ಕೇಳಿದರೆ "ಏನೋ, ಜೀವನ ಸಾಗ್ತಿದೆ" ಎಂದು ಜಾರಿಕೊಳ್ಳುತ್ತೇವೆ. ಅದೇ ಬಿಲ್ ಕೌಂಟರಿನ ಹುಡುಗ "ಸರ್, ನಂಬರ್?" ಅಂದರೆ ಸಾಕು, ಕಾಲು ಕೆಜಿ ಮಂಡಕ್ಕಿಗೆ ಹತ್ತಂಕಿಯನ್ನೂ ಒಪ್ಪಿಸಿ, ಹುಟ್ಟಿದ ದಿನವನ್ನೂ ಹೇಳಿ ಬರುತ್ತೇವೆ. ಅಂಗಡಿಯವರು ನಂಬರಿಗೆ ಹಟ ಹಿಡಿಯಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ಹೇಳಿದೆ. ಆದರೂ "ಕೊಡಲ್ಲಪ್ಪ" ಅಂದು ನೋಡಿ. ಹಿಂದೆ ನಿಂತವರು ತೆರಿಗೆಗಳ್ಳನನ್ನು ನೋಡಿದ ಹಾಗೆ ನೋಡುತ್ತಾರೆ.

ಕತ್ತಲಲ್ಲಿ ಬೆಳಕು ಬಿಡುವ ಟಾರ್ಚ್ ಆ್ಯಪಿಗೆ ನಮ್ಮತ್ತೆಯ ನಂಬರೇಕೆ? ಅದು ಕಾಂಟ್ಯಾಕ್ಟ್ಸ್ ನೋಡಲು ಪರ್ಮಿಷನ್ ಕೇಳುತ್ತದೆ, ನಾವು "ಅಲೌ" ಒತ್ತುತ್ತೇವೆ. ಸೆಟ್ಟಿಂಗ್ಸಿಗೆ ಹೋಗಿ ಆ ಪರ್ಮಿಷನ್ ಕಿತ್ತುಹಾಕಿದರೂ ಟಾರ್ಚ್ ಚೆನ್ನಾಗಿಯೇ ಉರಿಯುತ್ತದೆ!

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಸಾರಿದ್ದು ನಮ್ಮವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಹೆಚ್ಚುಕಡಿಮೆ ಅದೇ ವಯಸ್ಸಿನ ನಮ್ಮ ದೊಡ್ಡಪ್ಪ, ಲಾಡ್ಜ್ ಬುಕಿಂಗಿಗೆಂದು ಆಧಾರ್ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೇ ಹಾಕಿಬಿಟ್ಟರು.

"ಕೊನೆಯ ನಾಲ್ಕಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಇದೆ ದೊಡ್ಡಪ್ಪ, ಅದನ್ನ ಕಳಿಸಿ" ಅಂದೆ.

"ಮುಚ್ಚಿಡೋಕೆ ನಾನೇನು ಕಳ್ಳನೇನೋ?"

ಗ್ರೂಪಿನಲ್ಲಿ ಆಗಲೇ ಹೆಬ್ಬೆರಳುಗಳು ಎದ್ದಿದ್ದವು. ದೊಡ್ಡಮ್ಮನದು ಮಾತ್ರ ಒಂದು ಪ್ರಶ್ನೆ: "ಮದುವೆ ಹೊತ್ತಲ್ಲಿ ಹೇಳಿದ ವಯಸ್ಸಿಗೂ ಈ ಕಾರ್ಡಿಗೂ ನಾಲ್ಕು ವರ್ಷ ವ್ಯತ್ಯಾಸ ಬರುತ್ತಲ್ಲ, ಹೇಗೆ?"