ಊರುಪ್ರಮಾಣ ಮೀಮಾಂಸೆ

ನಗರವನ್ನು ಅರಿಯುವ ಸಾಧನಗಳಾದ ನಕ್ಷೆ, ಆಟೊ ಚಾಲಕನ ಮಾತು, ಮೊಬೈಲಿನ ನೀಲಿ ಗೆರೆ ಎಂಬ ಮೂರನ್ನೂ ಈ ಶಾಸ್ತ್ರದ ಆಚಾರ್ಯರು ಪರಿಶೀಲಿಸಿ, ಅವು ಬೆಂಗಳೂರನ್ನು ಚಪ್ಪಟೆಯೆಂದು ಬಗೆಯುವುದರಿಂದ ತಳ್ಳಿಹಾಕಿ, ಊರುಪ್ರಮಾಣವೊಂದನ್ನೇ ಅಂಗೀಕರಿಸಿದ್ದಾರೆ. ಸಂಸ್ಕೃತದಲ್ಲಿ ಊರು ಎಂದರೆ ತೊಡೆ; ಊರುಪ್ರಮಾಣವೆಂದರೆ ಸೈಕಲ್ ತುಳಿಯುವವನ ತೊಡೆಗೆ ಒದಗುವ ಸುಖದುಃಖಗಳಿಂದ ನೆಲದ ಏರಿಳಿತವನ್ನು ನಿಶ್ಚಯಿಸುವ ಕ್ರಮ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ದಿಣ್ಣೆಯ ಬೆನ್ನೇರಿ ಕುಳಿತು, ತನ್ನ ಮಳೆನೀರಿನ ಒಂದು ಪಾಲನ್ನು ವೃಷಭಾವತಿಯ ಮೂಲಕ ಅರ್ಕಾವತಿಗೂ ಇನ್ನೊಂದು ಪಾಲನ್ನು ದಕ್ಷಿಣ ಪಿನಾಕಿನಿಗೂ ಹಂಚುವ ಈ ನಗರದಲ್ಲಿ ಅಂಥ ಸುಖದುಃಖಗಳಿಗೆ ಬರವಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿರುವವರಿಗೆ ಮಾತ್ರ ಇದು ಅಗೋಚರ, ಏಕೆಂದರೆ ಅವರ ತೊಡೆಗಳು ಲ್ಯಾಪ್‌ಟಾಪ್ ಹೊರುವ ಕಾರ್ಯದಲ್ಲಿ ನಿಯುಕ್ತವಾಗಿರುತ್ತವೆ.

ಎಲ್ಲೆಲ್ಲಿ ಪೆಡಲು ನಿಂತರೂ ಸೈಕಲ್ಲು ನಿಲ್ಲದೋ ಅಲ್ಲಲ್ಲಿ ಮುಂದೊಂದು ಕೆರೆಯುಂಟು ಎಂಬುದು ಪ್ರಧಾನ ಸೂತ್ರ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ತಾರ್ಕಿಕರ ಪದ್ಧತಿಯೇ ಇದು, ಆದರೆ ಕಣ್ಣುರಿ ಇಲ್ಲ. ಮೈಸೂರು ಬ್ಯಾಂಕ್ ವೃತ್ತದ ಕಡೆಯಿಂದ ಮೆಜೆಸ್ಟಿಕ್ಕಿನತ್ತ ಹೊರಟವನ ತೊಡೆ ಹಗುರಾಗಿ, ಹಿಂಚಕ್ರದ ಫ್ರೀವೀಲು ಟಿಕಟಿಕ ಎನ್ನತೊಡಗಿದಾಗ ಅನುಮಾನದಿಂದ, ಅಂದರೆ ತರ್ಕದ ಊಹೆಯಿಂದ, ಕೆರೆ ಸಿದ್ಧವಾಗುತ್ತದೆ, ಪ್ರತ್ಯಕ್ಷದಲ್ಲಿ ಬಸ್ ನಿಲ್ದಾಣ ಕಾಣುತ್ತದೆ. ಇಲ್ಲಿ ವಿರೋಧವಿಲ್ಲ, ನಿಲ್ದಾಣವು ಧರ್ಮಾಂಬುಧಿ ಕೆರೆಯ ಅಂಗಳದಲ್ಲೇ ನಿಂತಿರುವುದರಿಂದ ತಪ್ಪಿದ್ದು ಪ್ರತ್ಯಕ್ಷವೇ ಹೊರತು ತೊಡೆಯಲ್ಲ. ಕಸ್ತೂರಬಾ ರಸ್ತೆಯನ್ನು ಇಳಿದವನಿಗೆ ಸಂಪಂಗಿ ಕೆರೆಯ ಬದಲು ಕಂಠೀರವ ಕ್ರೀಡಾಂಗಣ ಎದುರಾಗುವುದನ್ನೂ ಹೀಗೆಯೇ ಸಮರ್ಥಿಸಬೇಕು. ಜೋರು ಮಳೆಯ ಸಂಜೆ ರಸ್ತೆಯ ನೀರು ಕೂಡ, ಈ ಗ್ರಂಥವನ್ನು ಓದದೆಯೇ, ಇದೇ ನಿರ್ಣಯಕ್ಕೆ ಬರುತ್ತದೆ.

ದುಃಖಕ್ಕೂ ಪ್ರಾಮಾಣ್ಯವುಂಟು, ತೊಡೆ ನೊಂದಲ್ಲಿ ಮುಂದೆ ನೀರು ಹೊರಡುವ ದಿಣ್ಣೆಯುಂಟು. ವೃಷಭಾವತಿಯು ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆಂಬ ಐತಿಹ್ಯವನ್ನು ಆ ಬಸವಣ್ಣನತ್ತ ಹೋಗುವ ಏರನ್ನು ಸೀಟು ಬಿಟ್ಟೆದ್ದು ತುಳಿದ ಯಾವ ಸವಾರನೂ ಇದುವರೆಗೆ ಅಲ್ಲಗಳೆದಿಲ್ಲ.

ಮೇಲ್ಸೇತುವೆಯಿಂದ ಇಳಿಯುವಾಗಲೂ ಪೆಡಲು ನಿಲ್ಲುತ್ತದಲ್ಲವೇ, ಅಲ್ಲಿ ಕೆರೆ ಎಲ್ಲಿದೆ ಎಂಬುದು ಪೂರ್ವಪಕ್ಷ, ಅಂದರೆ ಖಂಡಿಸುವುದಕ್ಕೆಂದೇ ಮೊದಲು ಮಂಡಿಸುವ ಎದುರಾಳಿಯ ವಾದ. ಮೇಲ್ಸೇತುವೆಯು ಉಪಾಧಿ, ಎಂದರೆ ಊಹೆಗೆ ಆಧಾರವಾದ ಹೇತುವಿಗೆ ಹೊರಗಿನಿಂದ ಅಂಟಿಕೊಂಡು ನಿರ್ಣಯವನ್ನು ಕೆಡಿಸುವ ನಿಮಿತ್ತ. ಮನುಷ್ಯನೇ ಕಟ್ಟಿದ ಇಳಿಜಾರನ್ನು ಭೂಮಿಯ ಲೆಕ್ಕಕ್ಕೆ ಹಚ್ಚುವುದು ನ್ಯಾಯವಲ್ಲ. ಬೆನ್ನಹಿಂದೆ ಹಾರ್ನ್ ಹೊಡೆಯುವ ಬಸ್ಸೂ ಉಪಾಧಿಯೇ. ಅದು ಸಮತಟ್ಟು ನೆಲದಲ್ಲೂ ತೊಡೆಗೆ ಬೆಟ್ಟದ ಭ್ರಾಂತಿ ಹುಟ್ಟಿಸುತ್ತದೆ.

ಕೆರೆಯಂಗಳದಿಂದ ಮರಳಿ ಏರುವ ಪ್ರಶ್ನೆಯಲ್ಲಿ ಶಾಸ್ತ್ರವು ಎರಡು ಪಂಥಗಳಾಗಿ ಒಡೆದಿದೆ. ಇಳಿಯದೆ ತುಳಿದವನಿಗಷ್ಟೇ ಜ್ಞಾನವೆಂದು ತುಳಿತವಾದಿಗಳೂ, ಹ್ಯಾಂಡಲ್ ಹಿಡಿದು ತಳ್ಳುತ್ತ ನಡೆದವನಿಗೆ ಮೀನಖಂಡದ ಮೂಲಕ ಅದೇ ಜ್ಞಾನ ದೊರೆಯುವುದೆಂದು ತಳ್ಳುವಾದಿಗಳೂ ಸಾಧಿಸುತ್ತಾರೆ. ಎರಡು ಪಂಥದವರೂ ದಿಣ್ಣೆಯ ತುದಿ ಮುಟ್ಟಿದಾಗ ವಾದ ಮಂಡಿಸುವಷ್ಟು ಉಸಿರನ್ನು ಉಳಿಸಿಕೊಂಡಿರುವುದಿಲ್ಲವಾದ್ದರಿಂದ ಈ ವಿವಾದ ಇನ್ನೂ ಇತ್ಯರ್ಥವಾಗಿಲ್ಲ.