ಗೋಸುಂಬೆಯವರಿಗೊಂದು ಬಹಿರಂಗ ಪತ್ರ

ಮಾನ್ಯ ಗೋಸುಂಬೆ ಕ್ಷೇತ್ರದವರಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ ಎಂದು ರೂಢಿಯಂತೆ ಕೇಳಬೇಕು. ಆದರೆ ನೀವು ಇದ್ದೀರೋ ಇಲ್ಲವೋ ಅನ್ನುವುದೇ ತಕರಾರಾಗಿರುವಾಗ ಕ್ಷೇಮದ ಮಾತೆಲ್ಲಿ? ಅಂಚೆಯಣ್ಣನಿಗೆ ತೊಂದರೆ ಬೇಡವೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಲೇ ಇದೆಯೆಂದು 1998ರಲ್ಲಿ ಎರಡು ತಂಡಗಳು ಸಾರಿದವು. ಒಂದು ತಂಡ ಬರ್ಕ್ಲಿಯದು. ಕಾರಣ ತಿಳಿಯದ್ದಕ್ಕೆ ‘ಡಾರ್ಕ್ ಎನರ್ಜಿ’ ಎಂದು ಹೆಸರಿಟ್ಟದ್ದಾಯಿತು. 2004ರಲ್ಲಿ ಭೌತವಿಜ್ಞಾನಿಗಳಾದ ಜಸ್ಟಿನ್ ಖೌರಿ ಮತ್ತು ಅಮಾಂಡಾ ವೆಲ್ಟ್‌ಮನ್ ನಿಮ್ಮನ್ನು, ಎಲ್ಲೆಡೆ ಹಬ್ಬಿರಬಹುದಾದ ಒಂದು ಭೌತಿಕ ಕ್ಷೇತ್ರವೆಂದು, ಮುಂದೆ ತಂದರು. ವಿಶ್ವವನ್ನು ಹಿಗ್ಗಿಸುವ ಕೆಲಸ ನಿಮ್ಮದಿರಬಹುದು, ಹಾಗಿದ್ದರೆ ಗುರುತ್ವದ ಜೊತೆಗೆ ನಿಮ್ಮದೂ ಒಂದು ಬಲ ಇರಬೇಕು. ಮತ್ತೆ ಯಾರಿಗೂ ಏಕೆ ಕಂಡಿಲ್ಲ? ಉತ್ತರ ಸಿದ್ಧವಿತ್ತು: ವಸ್ತು ದಟ್ಟವಾಗಿದ್ದಲ್ಲಿ ನೀವು ಮುದುಡುತ್ತೀರಿ, ಖಾಲಿ ಜಾಗದಲ್ಲಿ ಕೈಕಾಲು ಚಾಚುತ್ತೀರಿ. ಹುಡುಕುವವರೆಲ್ಲ ದಟ್ಟ ಜಾಗದಲ್ಲೇ ಇರುವವರಲ್ಲವೇ! ನಾನು ಮೂಗು ಮುರಿದೆ. ಸಾಲ ಕೊಟ್ಟವರು ಬಂದಾಗಲೆಲ್ಲ ಮನೆಯಲ್ಲಿಲ್ಲದ ಗೃಹಸ್ಥರನ್ನು ನಾವೂ ಕಂಡಿದ್ದೇವೆ.

ನಿಮ್ಮ ನಿಯಮದಂತೆ ದೊಡ್ಡ ಗುಂಡೊಂದರಲ್ಲಿ ಸಿಪ್ಪೆಯಷ್ಟು ಭಾಗ ಮಾತ್ರ ನಿಮ್ಮ ಪರವಾಗಿ ಎಳೆಯುತ್ತದೆ, ತಿರುಳು ಲೆಕ್ಕಕ್ಕಿಲ್ಲ. ಆದರೆ ಒಂಟಿ ಪರಮಾಣುವಿಗೆ ಸಿಪ್ಪೆ, ತಿರುಳು ಎಂಬ ಭೇದವೆಲ್ಲಿ? ಅದು ಇಡಿಯಾಗಿ ನಿಮ್ಮ ಕೈಗೆ ಸಿಗುತ್ತದೆ; ಅಂದರೆ ನೀವೂ ಅದರ ಕೈಗೆ. ಬ್ರಿಟನ್ನಿನ ಮೂವರು ವಿಜ್ಞಾನಿಗಳು ಈ ಸಂದು ಹಿಡಿದರು. 2015ರಲ್ಲಿ ಹೋಲ್ಗರ್ ಮುಲ್ಲರ್ ತಂಡ ಬಲೆ ಹಾಕಿಯೇಬಿಟ್ಟಿತು, ಅದೇ ಬರ್ಕ್ಲಿಯಲ್ಲಿ.

ಗಾಳಿ ಹೀರಿ ತೆಗೆದ ಪಾತ್ರೆ. ಒಳಗೆ ಬೆಟ್ಟದ ನೆಲ್ಲಿಕಾಯಿಯಷ್ಟು, ಸುಮಾರು 2 ಸೆಂ.ಮೀ. ಅಗಲದ ಅಲ್ಯೂಮಿನಿಯಂ ಗುಂಡು. ಅದರ ಮಗ್ಗುಲಲ್ಲಿ ಲೇಸರ್ ಬೆಳಕಿನಿಂದ ತಣಿಸಿದ ಸೀಸಿಯಂ ಪರಮಾಣುಗಳ ಚಿಟಿಕೆ ಮೋಡ. ಮೊದಲ ಬೆಳಕಿನ ಮಿಡಿತ ಪ್ರತಿ ಪರಮಾಣುವನ್ನೂ ಏಕಕಾಲಕ್ಕೆ ಎರಡು ದಾರಿ ಹಿಡಿಸುತ್ತದೆ, ಎರಡನೆಯದು ದಾರಿಗಳನ್ನು ಒಂದರತ್ತ ಒಂದು ತಿರುಗಿಸುತ್ತದೆ, ಮೂರನೆಯದು ಕೂಡಿಸುತ್ತದೆ. ನಡುವೆ ಗುಂಡು ಎಳೆದಿದ್ದರೆ ಎರಡು ದಾರಿಯ ಅಲೆಗಳ ತಾಳ ತಪ್ಪಿರುತ್ತದೆ. ಎರಡು ಸ್ಥಿತಿಗಳಲ್ಲಿ ಎಷ್ಟೆಷ್ಟು ಪರಮಾಣು ಉಳಿದವೆಂದು ಎಣಿಸಿದರೆ ಸಾಕು, ಎಳೆತದ ಲೆಕ್ಕ ಹೊರಬೀಳುತ್ತದೆ. ಗುಂಡನ್ನು ಹತ್ತಿರ ತಂದು ನೋಡಿದರು, ದೂರ ಸರಿಸಿ ನೋಡಿದರು. ನೀವು ಬರಲಿಲ್ಲ.

2017ರಲ್ಲಿ ಗುಂಡಿನ ಜಾಗಕ್ಕೆ ಟಂಗ್‌ಸ್ಟನ್ನಿನ ಪುಟ್ಟ ಸಿಲಿಂಡರ್ ಬಂತು. ಅಳತೆ ನೂರು ಪಟ್ಟಿಗೂ ಮಿಕ್ಕಿ ಚುರುಕಾಯಿತು. ಈ ಸಲ ಎಳೆತ ಕಂಡೇ ಕಂಡಿತು! ಕಂಡದ್ದು ಆ ಸಿಲಿಂಡರ್‌ನದೇ ಗುರುತ್ವ, ನ್ಯೂಟನ್ನನ ಲೆಕ್ಕದಷ್ಟೇ. 2024ರ ಪ್ರಯೋಗದಲ್ಲಿ ಪರಮಾಣುಗಳನ್ನು ಬೀಳಗೊಡದೆ ಬೆಳಕಿನ ಮೆಟ್ಟಿಲುಗಳ ಮೇಲೆ ತಡೆದಿಟ್ಟರು. ಅವು ಎರಡು ಕಡೆ ಇದ್ದಂತೆಯೇ 70 ಸೆಕೆಂಡ್‌ವರೆಗೂ ತೂಗಿದವು. ಆಗಲೂ ನ್ಯೂಟನ್ನನ ಖಾತೆಯಲ್ಲಿ ಒಂದು ಪೈಸೆ ಹೆಚ್ಚುವರಿ ಸಿಗಲಿಲ್ಲ.

ಈಗ ನನ್ನ ದೂರು. ನೀವು ಗೋಸುಂಬೆ ಕುಲಕ್ಕೇ ಕಳಂಕ. ಯಾವಾಗ, ಎಲ್ಲಿ, ಎಷ್ಟು ಬಣ್ಣ ಬದಲಿಸುತ್ತೇನೆಂದು ಮೊದಲೇ ಸಮೀಕರಣ ಬರೆದುಕೊಡುವ ಗೋಸುಂಬೆಯನ್ನು ಯಾರಾದರೂ ಕಂಡಿದ್ದಾರೆಯೇ? ನಮ್ಮೂರಿನವರು ಚುನಾವಣೆಗೊಂದು ಬಣ್ಣ ತಾಳುತ್ತಾರೆ, ಲಿಖಿತವಾಗಿ ಏನನ್ನೂ ಕೊಡುವುದಿಲ್ಲ, ಆರಾಮವಾಗಿದ್ದಾರೆ. ನೀವೋ, ಅಡಗುವ ಜಾಗದ ಜೊತೆಗೆ ಸಿಗುವ ಜಾಗವನ್ನೂ ಹೇಳಿಬಿಟ್ಟಿರಿ. ವಿಜ್ಞಾನಿಗಳು ನೇರ ಅಲ್ಲಿಗೇ ಹೋದರು.

ಮುಂದಿನ ಸಲ ಯಾರಾದರೂ ನಿಮ್ಮನ್ನು ಹೊಸದಾಗಿ ಸೃಷ್ಟಿಸುವಾಗ ದಯವಿಟ್ಟು ನಮ್ಮವರ ಸಲಹೆ ಕೇಳಿ.

ಇಂತಿ,
ದಟ್ಟ ಪ್ರದೇಶದ ಕಾಯಂ ನಿವಾಸಿ