ದೂತಿಯ ಸಂಗಡ ಕೃಷ್ಣ ಬರುವುದಿಲ್ಲ

ಪೈಥಾನ್‌ನಲ್ಲಿ ನಾಲ್ಕು ಸಾಲು ಗೀಚಿ ವಿಡಿಯೋ ಓಡಿಸುವವರನ್ನು ಕಂಡರೆ ಸಿ ಭಾಷೆಯ ಪಂಡಿತರು ಮೂಗು ಮುರಿಯುತ್ತಾರೆ: ಕೆಲಸಕ್ಕೆ ಕರೀಬೇಡ, ಊಟಕ್ಕೆ ಮರೀಬೇಡ ಎನ್ನುವ ಜಾತಿಯಂತೆ ಇವರು. ಹಾಗಾದರೆ ಕುಲಗೋಡ ತಮ್ಮಣ್ಣ ರಂಗಕ್ಕೆ ತಂದ ಶ್ರೀಕೃಷ್ಣ ಪಾರಿಜಾತವೆಂಬ ಜನಪದ ನಾಟಕದಿಂದ ದೂತಿಯನ್ನೂ ಓಡಿಸಬೇಕಾದೀತು; ಗೋಕಾಕ, ಮೂಡಲಗಿ, ಹುಕ್ಕೇರಿಯ ಪ್ರೇಕ್ಷಕರು ಬಿಟ್ಟಾರೆಯೇ? ಸತ್ಯಭಾಮೆಯ ಮಾತನ್ನು ಕೃಷ್ಣನಿಗೆ ಮುಟ್ಟಿಸುವುದು ದೂತಿಯ ಕೆಲಸ. ಪೈಥಾನ್-ವಿಎಲ್‌ಸಿ ಎಂಬ ಬೈಂಡಿಂಗ್ ಮಾಡುವುದೂ ಅದನ್ನೇ. ‘ಪ್ಲೇ’ ಎಂಬ ಅಪ್ಪಣೆಯನ್ನು ವಿಎಲ್‌ಸಿ ಪ್ಲೇಯರಿನ ಸಿ ಲೈಬ್ರರಿಯಾದ ಲಿಬ್‌ವಿಎಲ್‌ಸಿಗೆ ದಾಟಿಸುತ್ತದೆ. ಕಡತ ಬಿಡಿಸಿ, ಚಿತ್ರಕ್ಕೂ ದನಿಗೂ ತಾಳ ಕೂಡಿಸಿ ಬೆವರುವುದು ಸಿ. 2000ರಲ್ಲಿ ಬಂದ, ಪೈಥಾನ್‌ನಲ್ಲಿ ಆಟ ಕಟ್ಟುವ ಪೈಗೇಮ್ ಕೂಡ ಎಸ್‌ಡಿಎಲ್ ಎಂಬ ಸಿ ಲೈಬ್ರರಿಯ ಹೆಗಲೇರಿಯೇ ಮೆರೆದದ್ದು.

ಪೈಥಾನ್ ನಿಧಾನವಲ್ಲವೇ ಎನ್ನುತ್ತೀರಿ. ಹೌದು, ಆದರೆ ಒಂದು ಮಾತು ಮುಟ್ಟಿಸಲು ಎಷ್ಟು ಹೊತ್ತು ಬೇಕು? ಪ್ರತಿ ಫ್ರೇಮಿನ ಒಂದೊಂದು ಪಿಕ್ಸೆಲನ್ನೂ ಲೂಪಿನಲ್ಲಿ ತಿದ್ದಲು ಕೂರಿಸಿದರೆ ಮಾತ್ರ ಬೆಳಗು ಹರಿದರೂ ಆಟ ಮುಗಿಯದು, ತಪ್ಪು ಕೂರಿಸಿದವರದು. ನಿಜವಾದ ತಕರಾರು ಬೇರೆಯೇ ಇದೆ. ‘ಪಿಪ್ ಇನ್‌ಸ್ಟಾಲ್ ಪೈಥಾನ್-ವಿಎಲ್‌ಸಿ’ ಎಂದಾಗ ಬರುವುದು ದೂತಿ ಮಾತ್ರ. ವಿಎಲ್‌ಸಿಯನ್ನು ಕಂಪ್ಯೂಟರಿಗೆ ಬೇರೆಯಾಗಿಯೇ ಹಾಕಿರಬೇಕು. ಅದೂ 64 ಬಿಟ್ ಪೈಥಾನಿಗೆ 64 ಬಿಟ್‌ನದೇ. 32ರದಾದರೆ ಒಂದೇ ಮನೆಯಲ್ಲಿದ್ದೂ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ.